ನೀರು ಕುಡಿದ ಗಾಡಿ

ಜೋಳದ ದಂಟಿನಿಂದ ಮಾಡಿದ ಚಕ್ಕಡಿಯು ಮಳೆಯಲ್ಲಿ ನೆನೆದು ಮುದ್ದೆಯಾದರೆ ನಮ್ಮ ಬಾಲ್ಯದಲ್ಲಿ ಯಾರೂ ಅಳುತ್ತಿರಲಿಲ್ಲ. ಮರುದಿನ ಹಿತ್ತಲಿನ ಬಣವೆಯಿಂದ ಮತ್ತೆರಡು ದಂಟುಗಳನ್ನು ಹಿರಿದರೆ ಹೊಸ ಚಕ್ಕಡಿಯು ಸಿದ್ಧವಾಗುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳಂತೂ ಪೂಜೆಗೊಂಡು ಕಡೆಗೆ ನೀರಿಗೇ ಸಲ್ಲತಕ್ಕವುಗಳು. ಕಿನ್ನಾಳದ ಬಣ್ಣದ ಬೊಂಬೆಯೊಂದನ್ನು ಮಾತ್ರ ನೀರಿಗೆ ತಾಗಗೊಡಬಾರದೆಂದು ಹಿರಿಯರು ಗದರಿಸುತ್ತಿದ್ದರು. ಇಂದಿನ ಆಟಿಗೆಗಳ ಮಾತೇ ಬೇರೆ. ಅವುಗಳ ಹೊಟ್ಟೆಯಲ್ಲಿ ವಿದ್ಯುತ್ತು ಇರುವದು. ಅವು ನಿಸ್ತಂತು ತರಂಗಗಳ ಆಜ್ಞೆಗೆ ಕಿವಿಗೊಡುವವು. ಒಂದು ಬೊಗಸೆ ನೀರು ಒಳಗೆ ಹೋದರೆ ಮೂಕವಾಗಿ ಬಿಡುವವು. ಮನೆಯಲ್ಲಿ ಮಕ್ಕಳಿರುವ ವಾಚಕರಿಗೆ ಈ ವಿಷಯವು ಅಲ್ಪವೆಂದು ತೋರಲಿಕ್ಕಿಲ್ಲವೆಂಬ ನಂಬಿಗೆಯಿಂದ ಇದನ್ನು ಬರೆಯುತ್ತಿರುವೆನು.

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳಲ್ಲಿ ಮೂವತ್ತಕ್ಕೂ ಮಿಕ್ಕಿದ ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದ ನನಗೆ ಇಂಥ ಯಂತ್ರಗಳ ಒಡಲು ಹೇಗಿರುವದೆಂಬುದನ್ನು ಅರಿಯುವ ಪ್ರಸಂಗವು ಬಂದುದು ಮೊಮ್ಮಗನಿಂದ. ಹನ್ನೊಂದು ವರ್ಷದ ಅವನು ನಮ್ಮಲ್ಲಿಯೇ ಇದ್ದು ಶಾಲೆ ಕಲಿಯುತ್ತಿರುವನು. ತಂದೆಯು ಗೋವೆಯಲ್ಲಿ ದುಡಿಯುವವನು. ಆರು ತಿಂಗಳಿಗೊಮ್ಮೆ ಬರುವನು. ಬರಲಾಗದ ಸಲ ಏನನ್ನಾದರೂ ಕಳಿಸುವನು. ಹೀಗೆ ಬಂದುದು ಒಂದು ಮೊಳ ಉದ್ದದ, ದಪ್ಪ ಗಾಲಿಗಳ, ರಿಮೋಟಿನಿಂದ ನಡೆಯುವ ಜೀಪು. ಬೆಲೆಯನ್ನು ಅಳಿಯನು ಹೇಳಲಿಲ್ಲ. ಡಬ್ಬಿಯ ಮೇಲಿದ್ದ ಚೀಟಿಯೇ ಹೇಳಿತು. ಅವನ ಪಗಾರದಲ್ಲಿ ಒಂದು ವಾರದ ಪಾಲು ಅದಕ್ಕೆ ಹೋಗಿತ್ತು. ಆದಕಾರಣ ಅದು ಕೆಟ್ಟರೆ ಇನ್ನೊಂದು ಬರುವದೆಂಬ ಮಾತೇ ಇರಲಿಲ್ಲ. ಡಬ್ಬಿಯ ಮೇಲೆ ದಪ್ಪಕ್ಷರಗಳಲ್ಲಿ ‘ವಾಟರ್‌ಪ್ರೂಫ್’ ಎಂದು ಅಚ್ಚಾಗಿತ್ತು. ಈ ಒಂದು ಶಬ್ದವು ನಮ್ಮ ಮನೆಯಲ್ಲಿ ಏನೇನು ಮಾಡಿತೆಂಬುದನ್ನು ಮುಂದೆ ಹೇಳುವೆನು.

ಮೊದಲು ಒಂದು ಸೋಜಿಗದ ಸಂಗತಿ. ನಿಸ್ತಂತುವಿನಿಂದ ದೂರದಲ್ಲಿ ನಿಂತು ನಡೆಯಿಸಿದ ವಾಹನಗಳಲ್ಲಿ ಮೊದಲಿಗೆ ಹೆಸರಾದುದು ನೆಲದ ಗಾಡಿಯಲ್ಲ, ನೀರಿನ ದೋಣಿ! ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಂದರೊಳಗೆ ಚಿಕ್ಕ ದೋಣಿಯನ್ನು ತೇಲಿಬಿಟ್ಟು, ತಂತಿಯ ಸಂಬಂಧವಿಲ್ಲದೆ ಅದನ್ನು ಬೇಕಾದತ್ತ ತಿರುಗಿಸಿ ತೋರಿಸಿದನು. ಅದೇ ವರ್ಷದ ನವೆಂಬರ 8ನೆಯ ತಾರೀಖಿಗೆ ಅವನಿಗೆ ಅದರ ಪೇಟೆಂಟು ದೊರೆಯಿತು. ನಮ್ಮ ದೇಶದ ಜಗದೀಶಚಂದ್ರ ಬೋಸರು ಅದಕ್ಕೂ ಮೊದಲು, 1895ರ ಸುಮಾರಿಗೆ, ಕಲಕತ್ತೆಯ ಟೌನ್‌ಹಾಲಿನಲ್ಲಿ ಗೋಡೆಯನ್ನು ದಾಟಿ ಹೋದ ತರಂಗಗಳಿಂದ ಗಂಟೆಯನ್ನು ಬಾರಿಸಿ, ಮದ್ದನ್ನು ಹಾರಿಸಿ ತೋರಿಸಿದ್ದರು. ಟೆಸ್ಲಾನ ದೋಣಿಯಲ್ಲಿಯೂ ಬ್ಯಾಟರಿ, ಮೋಟರು, ಚುಕ್ಕಾಣಿಯ ಯಂತ್ರ, ತರಂಗವನ್ನು ಹಿಡಿಯುವ ಉಪಕರಣ ಇವೆಲ್ಲ ಇದ್ದವು. ನಮ್ಮ ಜೀಪಿನಲ್ಲಿಯೂ ಇರುವವು ಅವೇ ನಾಲ್ಕು. ಅಂದಿನಿಂದಲೂ ಆ ನಾಲ್ಕನ್ನೂ ನೀರಿನಿಂದ ಕಾಪಾಡುವ ತೊಡಕು ಇದ್ದೇ ಇದೆ.

ಕಳೆದ ವರ್ಷದ ಶ್ರಾವಣದಲ್ಲಿ ನಾನು ನರಗುಂದಕ್ಕೆ ಒಂದು ಮದುವೆಗೆ ಹೋಗಿದ್ದ ದಿನ, ಮೊಮ್ಮಗನು ಜೀಪನ್ನು ತೆಗೆದುಕೊಂಡು ಊರ ಹೊರಗೆ ಪರಿಚಯದ ರೈತರೊಬ್ಬರ ಹೊಲಕ್ಕೆ ಹೋದನು. ಆ ಹೊಲದಲ್ಲಿ ಕೃಷಿಹೊಂಡವಿದೆ. 2014ರಲ್ಲಿ ಕೃಷಿಭಾಗ್ಯ ಯೋಜನೆಯು ಬಂದ ಮೇಲೆ ನಮ್ಮ ಒಣಬೇಸಾಯದ ಸೀಮೆಯಲ್ಲಿ ಇಂಥ ಹೊಂಡಗಳು ಹೆಚ್ಚಿದವು. ಮಳೆಯ ನೀರು ಇಂಗಿಹೋಗದಂತೆ ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿರುವರು. ಅದು ನೀರಿಗೆ ಒಳ್ಳೆಯದು. ಮನುಷ್ಯರ ಕಾಲಿಗೆ ಬಹಳ ಕೆಟ್ಟದ್ದು. ಪಾಚಿ ಹಿಡಿದ ಆ ಇಳಿಜಾರಿನ ಮೇಲೆ ಒಮ್ಮೆ ಕಾಲಿಟ್ಟರೆ ಹಿಡಿಯಲು ಹುಲ್ಲುಕಡ್ಡಿ ಕೂಡ ಸಿಕ್ಕದು. ಈಜು ಬಲ್ಲವರೂ ಮೇಲೇರಲಾರದೆ ಸತ್ತ ಸುದ್ದಿಗಳನ್ನು ಪ್ರತಿ ಮಳೆಗಾಲದಲ್ಲಿಯೂ ಪತ್ರಿಕೆಗಳಲ್ಲಿ ಓದುವೆವು.

ಡಬ್ಬಿಯ ಮೇಲಿನ ಶಬ್ದವನ್ನು ನಂಬಿದ ಹುಡುಗನು ಗಾಡಿಯನ್ನು ಹೊಂಡದ ಅಂಚಿನಿಂದ ನೀರಿಗೆ ಇಳಿಸಿದನು. ಅದು ಹಾಳೆಯ ಮೇಲೆ ಜಾರಿ ಮುಳುಗಿತು. ರಿಮೋಟಿನ ಗುಂಡಿಯನ್ನು ಎಷ್ಟು ಒತ್ತಿದರೂ ತಿರುಗಿ ಬರಲಿಲ್ಲ. ಆಗ ಹುಡುಗನು ಚಪ್ಪಲಿಯನ್ನು ಕಳೆದು ತಾನೇ ಇಳಿಯಹೋದನು. ದೈವವಶದಿಂದ ರೈತರು ಹತ್ತಿರದಲ್ಲಿಯೇ ಹೆಸರುಕಾಯಿ ಬಿಡಿಸುತ್ತಿದ್ದರು. ಓಡಿ ಬಂದು ಅಂಗಿಯ ಕೊರಳು ಹಿಡಿದು ಮೇಲೆಳೆದರು. ಆಮೇಲೆ ಗಾಡಿಯನ್ನೂ ತೆಗೆದರು. ಪಾತಾಳಗರಡಿ ಹಾಕಿದರೆ ಹಾಳೆ ಹರಿಯುವದೆಂದು ಬಿದಿರ ಗಳದ ತುದಿಗೆ ಬುಟ್ಟಿಯನ್ನು ಕಟ್ಟಿ ಅರ್ಧ ತಾಸು ಗೋರಾಡಿದರಂತೆ.

ಸಂಜೆ ನಾನು ಊರಿಗೆ ಬಂದಾಗ ಅವರು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. “ಮಾಸ್ತರ್ರ, ಗಾಡಿ ಹೋದ್ರ ಹೋಗವಲ್ದ್ಯಾಕ. ನಾ ಅತ್ಲಾಗ ಎತ್ತಿಗೆ ನೀರು ಕುಡಿಸಾಕ ಹೋಗಿದ್ದರ ಏನಾಗತಿತ್ತು, ಹೇಳ್ರಿ?” ಎಂದರು. ನಾನು ಏನೂ ಹೇಳಲಿಲ್ಲ. ನಮ್ಮ ಮನೆಯವರು ಒಳಗೆ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಹುಡುಗನನ್ನು ಬೈಯುತ್ತಲೇ ಅವನಿಗೆ ಊಟಕ್ಕೆ ಬಡಿಸುತ್ತಿದ್ದರು.

ರಾತ್ರಿ ಮಲಗುವಾಗ ಹುಡುಗನು ಕೇಳಿದ ಪ್ರಶ್ನೆ ಇದು: “ಅಜ್ಜಾ, ಗಾಡಿ ಕೆಟ್ಟಿರಲಿಲ್ಲ, ಮತ್ತ ರಿಮೋಟಿನ ಮಾತು ಯಾಕ ಕೇಳಲಿಲ್ಲ?” ಪ್ರಶ್ನೆಯು ಯೋಗ್ಯವಾದುದೇ. ಈ ರಿಮೋಟುಗಳ ತರಂಗವು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವದು. ಅದರ ಅಲೆಯ ಉದ್ದವು ಐದಂಗುಲವಾಗುವಷ್ಟು. ಗಾಳಿಯಲ್ಲಿ ಅದು ನೂರಾರು ಮಾರು ಹೋಗಬಲ್ಲದು. ಆದರೆ ನೀರು ಅದನ್ನು ನುಂಗಿ ಬಿಡುವದು. ಅಡಿಗೆಯ ಮೈಕ್ರೋವೇವ್ ಒಲೆಯು ಅನ್ನವನ್ನು ಬಿಸಿ ಮಾಡುವದೂ ಇಂಥ ತರಂಗವನ್ನು ಅನ್ನದೊಳಗಿನ ನೀರು ಹೀರಿಕೊಳ್ಳುವದರಿಂದಲೇ. ಆದುದರಿಂದ ಗಾಡಿಯ ಅಂಟೆನಾ ಕೆಲವೇ ಅಂಗುಲ ಮುಳುಗಿದರೂ ಸಾಕು, ದಡದ ಮೇಲಿನವನ ಆಜ್ಞೆಯು ಅದಕ್ಕೆ ಕೇಳಿಸದು. ನೌಕಾಸೈನ್ಯದವರು ಮುಳುಗಿದ ಸಬ್‌ಮರೀನುಗಳಿಗೆ ಸಂದೇಶ ಕಳಿಸಲು ಬಹು ಮಂದವಾಗಿ ಕಂಪಿಸುವ, ಮೈಲುಗಟ್ಟಲೆ ಉದ್ದದ ಅಲೆಗಳನ್ನು ಬಳಸುವರು. ತಿರುನೆಲ್ವೇಲಿಯ ಹತ್ತಿರದ ವಿಜಯನಾರಾಯಣಂದಲ್ಲಿರುವ ಐ.ಎನ್.ಎಸ್. ಕಟ್ಟಬೊಮ್ಮನ್ ಕೇಂದ್ರವು ಈ ಕೆಲಸಕ್ಕಾಗಿಯೇ ಇರುವದು. ಚೆನ್ನೈಯ ಸಮುದ್ರ ತಂತ್ರಜ್ಞಾನ ಸಂಸ್ಥೆಯವರು ಆರು ಸಾವಿರ ಮೀಟರು ಆಳಕ್ಕೆಂದು ರಚಿಸಿದ ರೋಸಬ್ ಎಂಬ ಯಂತ್ರವನ್ನಾದರೂ ಹಡಗಿನಿಂದ ಇಳಿಬಿಟ್ಟ ಹಗ್ಗದಂಥ ತಂತಿಯ ಮೂಲಕವೇ ನಡೆಯಿಸುವರು, ನಿಸ್ತಂತುವಿನಿಂದಲ್ಲ. ಅಂದ ಮೇಲೆ ಎಂಥ ಜಲರೋಧಕ ಗಾಡಿಯಾದರೂ ಮುಳುಗಿದ ಮೇಲೆ ಕಿವುಡೇ. ಇದನ್ನು ಡಬ್ಬಿಯ ಮೇಲೆ ಬರೆಯದಿರುವದು ದೊಡ್ಡ ಅನ್ಯಾಯವೆಂದು ನನಗೆ ತೋರುವದು.

ಇನ್ನು ಗಾಡಿಯ ಗತಿ. ನೆನೆದ ಮೊಬೈಲನ್ನು ಅಕ್ಕಿಯಲ್ಲಿ ಹುಗಿಯಬೇಕೆಂದು ನಮ್ಮ ಮನೆಯವರು ಯಾರಿಂದಲೋ ಕೇಳಿದ್ದರು. ನಮ್ಮ ಮನೆಯಲ್ಲಿ ಅಕ್ಕಿಗಿಂತ ಜೋಳವೇ ಹೆಚ್ಚು. ಆದಕಾರಣ ಜೀಪು ಜೋಳದ ಚೀಲವನ್ನು ಸೇರಿತ್ತು, ಬ್ಯಾಟರಿಯ ಸಮೇತ! ಮರುದಿನ ಬಸ್‌ಸ್ಟ್ಯಾಂಡಿನ ಬಳಿ ಮೊಬೈಲು ದುರಸ್ತಿಯ ಅಂಗಡಿಯಿಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯ ಕಡೆಗೆ ಅದನ್ನು ಒಯ್ದೆನು. ಶಾಲೆಯಲ್ಲಿ ರಾಮಶಬ್ದವನ್ನು ಹೇಳುವಾಗ ತೊದಲುತ್ತಿದ್ದ ಹುಡುಗನು ಈಗ ಸೂಜಿಯ ಮೊನೆಯಂಥ ಬೆಸುಗೆಯನ್ನು ಕೈ ನಡುಗದೆ ಹಾಕುವನು. ಗಾಡಿಯನ್ನು ತಲೆಕೆಳಗು ಮಾಡಿದಾಗ ಮೊದಲು ನೀರು, ಆಮೇಲೆ ನಾಲ್ಕು ಜೋಳದ ಕಾಳು ಉದುರಿದವು. ಅವನು ನಕ್ಕನು.

“ಸರ್ರ, ಬ್ಯಾಟ್ರಿ ಯಾವಾಗ ತಗದೀರಿ?”

“ಈಗ ನೀನೇ ತೆಗೆದೆಯಲ್ಲ.”

“ಹಂಗಾದ್ರ ರಾತ್ರೆಲ್ಲಾ ಒಳಗ ಕೆಲಸ ನಡದೈತ್ರಿ” ಎಂದು ಅವನು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟನು. ಬ್ಯಾಟರಿಯ ತಂತಿಯು ಬೋರ್ಡಿಗೆ ಸೇರುವಲ್ಲಿ ತಾಮ್ರವು ಹಸಿರು ಹಿಟ್ಟಾಗಿತ್ತು. ಎರಡು ತಾಮ್ರದ ಗೆರೆಗಳ ನಡುವೆ ಜರಿಗಿಡದ ಎಲೆಯಂತೆ ಏನೋ ಕವಲೊಡೆದು ಬೆಳೆದಿತ್ತು.

ವಾಚಕರೇ, ಇದರ ಕಾರಣವನ್ನು ತಿಳಿದುಕೊಳ್ಳತಕ್ಕದ್ದು. ನೀರು ವಿದ್ಯುತ್ತಿನ ವೈರಿಯೆಂದು ನಾವೆಲ್ಲ ತಿಳಿದಿರುವೆವಷ್ಟೆ. ನಿಜವಾಗಿ ನೋಡಿದರೆ ಶುದ್ಧವಾದ ನೀರಿನಲ್ಲಿ ವಿದ್ಯುತ್ತು ಹರಿಯುವದು ಬಹಳ ಅಲ್ಪ. ಕೆಡುಕು ಇರುವದು ಅದರಲ್ಲಿ ಕರಗಿದ ಲವಣಗಳಲ್ಲಿ. ಬ್ಯಾಟರಿಯು ಜೋಡಿಸಿಯೇ ಇದ್ದಾಗ ಒಂದು ತಾಮ್ರದ ಗೆರೆಯು ಧನ, ಪಕ್ಕದ್ದು ಋಣವಾಗಿರುವದು. ಇವೆರಡರ ಮೇಲೂ ಲವಣದ ನೀರು ಕುಳಿತರೆ ಧನದ ಕಡೆಯ ತಾಮ್ರವು ಕರಗಿ ನೀರಿಗಿಳಿಯುವದು. ಋಣದ ಕಡೆಗೆ ಹೋಗಿ ಅಲ್ಲಿ ಮತ್ತೆ ಲೋಹವಾಗಿ ಗಿಡದಂತೆ ಬೆಳೆಯುತ್ತ ತಿರುಗಿ ಧನದ ಕಡೆಗೆ ಚಾಚುವದು. ಎರಡೂ ಮುಟ್ಟಿದ ಕ್ಷಣವೇ ಶಾರ್ಟ್ ಸರ್ಕಿಟು. ಪಾತ್ರೆಗಳಿಗೆ ಬೆಳ್ಳಿಯ ಮುಲಾಮು ಹಾಕುವ ವಿದ್ಯೆಯೂ ಇದೇ. ಅಲ್ಲಿ ಉಪಕಾರ, ಇಲ್ಲಿ ಅಪಕಾರ. ಬ್ಯಾಟರಿಯನ್ನು ಕೂಡಲೆ ಕಿತ್ತರೆ ಈ ಕ್ರಿಯೆಯು ಅಲ್ಲಿಗೇ ನಿಲ್ಲುವದು. ಆಮೇಲೆ ಉಳಿಯುವದು ಸಾವಕಾಶದ ತುಕ್ಕು ಮಾತ್ರ. ಆದುದರಿಂದ ನೀರಿಗೆ ಬಿದ್ದ ಯಾವ ಯಂತ್ರಕ್ಕಾದರೂ ಮೊದಲ ಚಿಕಿತ್ಸೆಯು ಒರೆಸುವದಲ್ಲ, ‘ಚಾಲೂ ಇದೆಯೇ’ ಎಂದು ಗುಂಡಿಯೊತ್ತಿ ನೋಡುವದಂತೂ ಅಲ್ಲವೇ ಅಲ್ಲ, ಬ್ಯಾಟರಿಯನ್ನು ಬೇರ್ಪಡಿಸುವದು.

ಎರಡನೆಯದು ತೊಳೆಯುವದು. ಕೇಳಿದವರಿಗೆ ವಿಚಿತ್ರವೆನಿಸಬಹುದು, ನೆನೆದುದನ್ನು ಮತ್ತೆ ತೊಳೆಯುವದೇ? ಅಹುದು. ಹೊಂಡದ ನೀರು ಆರಿದರೆ ನೀರು ಹೋಗುವದೇ ಹೊರತು ಲವಣ ಹೋಗುವದಿಲ್ಲ. ಮುಂದೆ ತುಸು ತೇವವಾದೊಡನೆ ಅದು ಮತ್ತೆ ಕೆಲಸಕ್ಕೆ ತೊಡಗುವದು. ನನ್ನ ಶಿಷ್ಯನು ಬೋರ್ಡನ್ನು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ, ಹಲ್ಲುಜ್ಜುವ ಮೆತ್ತನ್ನ ಬ್ರಶ್ಶಿನಿಂದ ಉಜ್ಜಿ, ತರುವಾಯ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದನು. ಈ ದ್ರವವು ಸಂದಿಗೊಂದಿಗಳ ನೀರನ್ನು ತನ್ನೊಡನೆ ಬೆರೆಸಿಕೊಂಡು ಬೇಗನೆ ಆವಿಯಾಗುವದು. ಬಹುಬೇಗ ಬೆಂಕಿ ಹಿಡಿಯುವದರಿಂದ ಒಲೆಯ ಹತ್ತಿರ ಮಾತ್ರ ತರಬಾರದು. ಬಳಿಕ ಎರಡು ದಿನ ನೆರಳಿನಲ್ಲಿ, ಫ್ಯಾನಿನ ಗಾಳಿಗೆ. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ಕು ಸೊಟ್ಟಗಾಗುವದು. ಅಕ್ಕಿಯೂ ಜೋಳವೂ ಇದರಲ್ಲಿ ಏನನ್ನೂ ಮಾಡಲಾರವು, ಹೊಟ್ಟನ್ನೂ ಹಿಟ್ಟನ್ನೂ ಒಳಗೆ ಬಿಡುವದೊಂದನ್ನು ಬಿಟ್ಟು. ಐಫೋನ್ ತಯಾರಿಸುವ ಆ್ಯಪಲ್ ಕಂಪನಿಯವರು ಕೂಡ ಫೋನನ್ನು ಅಕ್ಕಿಯಲ್ಲಿ ಇಡಬೇಡಿರೆಂದು 2024ರಲ್ಲಿ ಸ್ಪಷ್ಟವಾಗಿ ತಿಳಿಸಿದರು. ಇದನ್ನು ಮನೆಯಲ್ಲಿ ಓದಿ ಹೇಳಿದೆನು. “ಅವರ ಅಕ್ಕಿ ಹೆಂಗೋ ಏನೋ” ಎಂಬ ಉತ್ತರ ಬಂದಿತು.

ನಮ್ಮ ಸೀಮೆಯ ನೀರಿನ ಗುಣವನ್ನು ಇಲ್ಲಿ ನೆನೆಯಬೇಕಾಗುವದು. ಬೋರಿನ ನೀರನ್ನು ಕಾಯಿಸಿದರೆ ಹಂಡೆಯ ಒಳಗೆ ಬಿಳಿಯ ಗಾರು ಕಟ್ಟುವದನ್ನು ಕಾಣದ ಗೃಹಿಣಿಯರು ನಮ್ಮಲ್ಲಿಲ್ಲ. ಹೊಲದ ನೀರಾದರೆ ಅದಕ್ಕೆ ಗೊಬ್ಬರದ ಲವಣವೂ ಸೇರಿರುವದು. ಎರೆಯ ಮಣ್ಣಂತೂ ನೆನೆದಾಗ ಉಬ್ಬಿ ಅಂಟಾಗಿ, ಒಣಗಿದಾಗ ಕಲ್ಲಾಗಿ, ಹಲ್ಲುಗಾಲಿಗಳ ನಡುವೆ ಕುಳಿತರೆ ಉಳಿಯಿಂದ ಕೆತ್ತಬೇಕು. ಆದರೆ ಇದೇ ಲವಣವು ಇನ್ನೊಂದೆಡೆ ನಮ್ಮ ಹಿರಿಯರಿಗೆ ಜಲರೋಧಕವಾಗಿ ಒದಗಿತ್ತೆಂಬುದು ಮರೆಯತಕ್ಕ ಮಾತಲ್ಲ. ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ಕಂಡವರಿಗೆ ಗೊತ್ತು: ಮಳೆಗಾಲಕ್ಕೆ ಮೊದಲು ಸವಳು ಮಣ್ಣನ್ನು ಚಕ್ಕಡಿಯಿಂದ ತಂದು ಮಾಳಿಗೆಯ ಮೇಲೆ ಹರವಿ ತುಳಿಯುತ್ತಿದ್ದರು. ಬೆಳಕಿಂಡಿಗೆ ಒಂದು ಮುಚ್ಚಳ. ಅಷ್ಟಾದರೆ ಆಶ್ಲೇಷಾ ಮಳೆಯಲ್ಲಿಯೂ ಒಳಗೆ ಹನಿ ಬೀಳುತ್ತಿರಲಿಲ್ಲ. ಸವಳಿನಲ್ಲಿರುವ ಸೋಡಿಯಮ್ ಲವಣವು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುವದು; ಆ ಸೂಕ್ಷ್ಮ ಕಣಗಳು ನೆನೆದು ಉಬ್ಬಿ ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚುವವು. ಬೆಳೆಗೆ ಬೇಡವಾದ ಮಣ್ಣು ಮಾಳಿಗೆಗೆ ಬೇಕಾಯಿತು! ಚಿಕ್ಕಂದಿನಲ್ಲಿ ಮಾಳಿಗೆ ತುಳಿಯುವದೆಂದರೆ ನಮಗೆ ಹಬ್ಬ. ಈಗ ಎಲ್ಲೆಡೆ ಆರ್‌ಸಿಸಿ. ಮೂರು ವರ್ಷಕ್ಕೆ ಸೋರುವದು.

ಮಾಳಿಗೆಯು ಮೇಲಿನ ನೀರಿಗೆ ಉಪಾಯ. ಬದಿಯಿಂದ ಬಂದ ನೀರಿಗಲ್ಲ. 2009ರಲ್ಲಿ ಸೆಪ್ಟೆಂಬರ ಕೊನೆ, ಅಕ್ಟೋಬರ ಮೊದಲಿನ ಮಳೆಯಲ್ಲಿಯೂ, ಮತ್ತೆ 2019ರ ಆಗಸ್ಟದಲ್ಲಿ ಮಲಪ್ರಭೆಯು ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಮೊದಲಾದ ಊರುಗಳಿಗೆ ನುಗ್ಗಿದಾಗಲೂ, ನೀರು ಇಳಿದ ಮೇಲೆ ಜನರು ಟೀವಿ, ಮಿಕ್ಸರು, ಫ್ಯಾನುಗಳನ್ನು ರಸ್ತೆಯ ಬದಿಗೆ ಹಪ್ಪಳದಂತೆ ಒಣಹಾಕಿದ್ದರು. ಅಂದಿನ ದುಃಖದಲ್ಲಿ ಅವನ್ನು ತೊಳೆಯಬೇಕೆಂದು ಯಾರು ಯಾರಿಗೆ ಹೇಳಿಯಾರು? ಕೆಲವು ಯಂತ್ರಗಳು ಒಣಗಿ ಚಾಲೂ ಆಗಿ, ಎಂಟು ದಿನ ನಡೆದು, ಆಮೇಲೆ ನಿಂತವು. ನನ್ನ ಶಿಷ್ಯನು ತೊಳೆಯುವ ವಿದ್ಯೆಯನ್ನು ಕಲಿತದ್ದು ಆ ವರ್ಷವೇ. “ಮೊದಲ ಹತ್ತು ಕೆಡಿಸಿ ಕಲತ್ನಿರಿ” ಎಂದನು.

ಮೂರನೆಯ ದಿನ ಪರೀಕ್ಷೆಯಾಯಿತು. ಮೋಟರು ಬದುಕಿತ್ತು, ಅದರ ಸುರುಳಿಯ ತಂತಿಗೆ ಎನಾಮಲ್ಲಿನ ಕವಚವಿರುವದರಿಂದ ನೀರಿಗೆ ಅದು ಅಷ್ಟಾಗಿ ಅಂಜದು. ಇಂಗಾಲದ ಬ್ರಶ್ಶುಗಳು ಮಾತ್ರ ನೀರಿನಲ್ಲಿ ಬೇಗ ಸವೆಯುವವು. ತರಂಗವನ್ನು ಹಿಡಿಯುವ ರಿಸೀವರೂ ಪುಣ್ಯಕ್ಕೆ ಉಳಿದಿತ್ತು. ಮುಂದಿನ ಗಾಲಿಗಳನ್ನು ಎಡಬಲಕ್ಕೆ ಹೊರಳಿಸುವ ಸರ್ವೋ ಎಂಬ ಚಿಕ್ಕ ಯಂತ್ರವು ಸತ್ತುಹೋಗಿತ್ತು. ಅದು ಹುಬ್ಬಳ್ಳಿಯಿಂದ ಬರಬೇಕಾಯಿತು. ಲಿಥಿಯಮ್ ಬ್ಯಾಟರಿಯು ತುಸು ಉಬ್ಬಿತ್ತು. “ಇದನ್ನ ಚಾರ್ಜಿಗೆ ಹಾಕಬ್ಯಾಡ್ರಿ, ಮನೀ ಸುಟ್ಟೀತು” ಎಂದು ಶಿಷ್ಯನು ಅದನ್ನು ತಾನೇ ಇಟ್ಟುಕೊಂಡನು. ಈ ಮಾತನ್ನು ತಾಯಂದಿರು ಅವಶ್ಯವಾಗಿ ನೆನಪಿನಲ್ಲಿಡಬೇಕು: ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಚಾರ್ಜು ಮಾಡಬಾರದು, ಕಸದ ಡಬ್ಬಿಗೆ ಒಗೆಯಬಾರದು.

‘ವಾಟರ್‌ಪ್ರೂಫ್’ ಎಂಬ ಶಬ್ದದ ಮೇಲೆ ನನಗಿದ್ದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಡಬ್ಬಿಯೊಳಗಿನ ಪುಸ್ತಿಕೆಯನ್ನು ಭೂತಗನ್ನಡಿಯಿಂದ ಓದಿದಾಗ, ಇರುವೆಯಂಥ ಅಕ್ಷರಗಳಲ್ಲಿ, ಈ ಗಾಡಿಯು ಸಿಡಿದ ಹನಿಗಳನ್ನು ಮಾತ್ರ ತಡೆಯುವದೆಂದೂ ಮುಳುಗಿಸಕೂಡದೆಂದೂ ಬರೆದಿತ್ತು. ಹೊರಗೆ ಸಿಂಹ, ಒಳಗೆ ಬೆಕ್ಕು! ಜಗತ್ತಿನ ವಿದ್ಯುತ್ ಶಾಸ್ತ್ರಜ್ಞರು ಇದಕ್ಕೆ ‘ಐಪಿ’ ಎಂಬ ಅಂಕಪದ್ಧತಿಯನ್ನು ಮಾಡಿಟ್ಟಿರುವರು. ಎರಡಂಕಿಗಳಲ್ಲಿ ಮೊದಲಿನದು ಧೂಳಿಗೆ, ಎರಡನೆಯದು ನೀರಿಗೆ. ನೀರಿನ ಅಂಕಿ 4 ಆದರೆ ಸಿಡಿದ ಹನಿ, 5 ಆದರೆ ಕೊಳವೆಯ ಧಾರೆ, 7 ಆದರೆ ಒಂದು ಮೀಟರು ಆಳದಲ್ಲಿ ಅರ್ಧ ತಾಸಿನ ಮುಳುಗು. ಸಂಸ್ಕೃತಜ್ಞರನ್ನು ಕೇಳಿದ್ದರೆ ಬಿಂದುಸಹ, ಧಾರಾಸಹ, ಮಜ್ಜನಸಹ ಎಂದು ಮೂರು ಸಮಾಸಗಳನ್ನು ಕೊಡುತ್ತಿದ್ದರು, ಯಾರೂ ಮೋಸಹೋಗುತ್ತಿರಲಿಲ್ಲ. ಈ ಪರೀಕ್ಷೆಗಳಾದರೂ ಹೊಸ ಯಂತ್ರದ ಮೇಲೆ, ತಿಳಿಯಾದ ಸಿಹಿನೀರಿನಲ್ಲಿ ನಡೆಯತಕ್ಕವು. ಎರೆಯ ರಾಡಿಗೆ ಅಂಕಿಯಿಲ್ಲ.

ಹುಡುಗನು ಗಾಡಿಯನ್ನು ಮಳೆಯಲ್ಲಿಯಾದರೂ ಓಡಿಸಲೇಬೇಕೆಂದು ಹಟಹಿಡಿದನು. ಮನೆಯವರು ಅದನ್ನು ಅಟ್ಟಕ್ಕೇರಿಸಿರೆಂದರು. ಎರಡು ದಿನ ಈ ವ್ಯಾಜ್ಯ ನಡೆಯಿತು. ಕಡೆಗೆ ಹುಡುಗನನ್ನು ಕರೆದುಕೊಂಡು ಆ ರೈತರ ಹೊಂಡಕ್ಕೆ ಹೋದೆನು. ಒಂದು ಕುಂಬಳಕಾಯಿಯನ್ನು ಹಾಳೆಯ ಮೇಲೆ ಉರುಳಿಸಿ, “ಈಗ ಇದನ್ನು ಕೈಯಿಂದ ಮೇಲಕ್ಕೆ ತೆಗೆ ನೋಡೋಣ” ಎಂದೆನು. ಅವನು ಬಹಳ ಹೊತ್ತು ನೋಡುತ್ತ ನಿಂತನು. ಹೊಂಡ, ಕಾಲುವೆ, ಹಳ್ಳ ಈ ಮೂರರ ಹತ್ತಿರ ಗಾಡಿಯನ್ನು ಒಯ್ಯುವದಿಲ್ಲವೆಂದು ಅಜ್ಜಿಯ ಮುಂದೆ ಮಾತು ಕೊಟ್ಟನು. ಆಮೇಲೆಯೇ ಜಲರೋಧದ ಕೆಲಸಕ್ಕೆ ಕೈಹಚ್ಚಿದೆವು. ರೈತರು ಕೂಡ ತಮ್ಮ ಹೊಂಡಕ್ಕೆ ಗಂಟುಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟಿರುವರು. ಸುತ್ತಲೂ ತಂತಿಯ ಬೇಲಿಯನ್ನು ಹಾಕಿಸಿದರು.

ಕೆಲಸದ ಕ್ರಮವಿದು. ಬೋರ್ಡಿಗೆ ಕನ್‌ಫಾರ್ಮಲ್ ಕೋಟಿಂಗ್ ಎಂಬ ತೆಳುವಾದ ಮೆರುಗನ್ನು ಎರಡು ಸಲ ಹೊಡೆಯುವದು. ಒಂದು ದಪ್ಪ ಲೇಪಕ್ಕಿಂತ ಎರಡು ತೆಳುವಾದವು ಮೇಲು. ತಂತಿಗಳು ಕೂಡುವ ಪ್ಲಗ್ಗಿಗೂ ಸ್ವಿಚ್ಚಿಗೂ ಲೇಪ ತಾಗಕೂಡದು, ತಾಗಿದರೆ ವಿದ್ಯುತ್ತೇ ಹರಿಯದು. ಲೇಪವು ಎಲ್ಲಿ ತಪ್ಪಿದೆಯೆಂಬುದನ್ನು ಶಿಷ್ಯನು ಖೋಟಾ ನೋಟುಗಳನ್ನು ನೋಡುವ ನೇರಳೆ ಬೆಳಕಿನ ಬ್ಯಾಟರಿಯಿಂದ ಕಂಡುಹಿಡಿದನು; ಲೇಪವಿದ್ದಲ್ಲಿ ನೀಲಿಯಾಗಿ ಹೊಳೆಯುವದು. ನನಗೆ ಅರಗಿನ ನೆನಪಾಯಿತು. ದುರ್ಯೋಧನನು ಪಾಂಡವರಿಗಾಗಿ ಕಟ್ಟಿಸಿದ ಮನೆಯ ಆ ಅರಗೇ ಸ್ಪಿರಿಟಿನಲ್ಲಿ ಕರಗಿ, ಹಿಂದಿನ ವಿದ್ಯುತ್ ಯಂತ್ರಗಳ ಸುರುಳಿಗಳಿಗೆ ಕವಚವಾಗಿತ್ತು. ಗ್ರಾಮಾಫೋನಿನ ಹಳೆಯ ತಟ್ಟೆಗಳಲ್ಲಿ ಇದ್ದುದೂ ಅದೇ.

ಪೆಟ್ಟಿಗೆಯ ಸಂದಿಗೆ ಸಿಲಿಕೋನ್ ಮೇಣವನ್ನು ಹಚ್ಚಬೇಕಾಗಿತ್ತು. ಕಿರಾಣಿ ಅಂಗಡಿಯಿಂದ ತಂದ ನಳಿಕೆಯನ್ನು ಬಿಚ್ಚಿದೊಡನೆ ಹುಳಿಯ ವಾಸನೆ ಬಂದಿತು. ಶಿಷ್ಯನು ಬೇಡವೆಂದನು. ಆ ಜಾತಿಯ ಸಿಲಿಕೋನು ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುವದು. ಅದು ತಾಮ್ರವನ್ನು ತಿನ್ನುವದು. ವಾಸನೆಯಿಲ್ಲದ ‘ನ್ಯೂಟ್ರಲ್’ ಜಾತಿಯೇ ಬೇಕು. ಬೆಲೆಯಲ್ಲಿ ಅಂತರವು ಅಲ್ಪ, ಆದರೆ ಕೇಳಿ ತರಬೇಕು. ರಿಸೀವರನ್ನು ಹುಡುಗನು ಹಬ್ಬದ ಫುಗ್ಗೆಯೊಳಗೆ ತೂರಿಸಿ ಬಾಯನ್ನು ಬಿಗಿಯಾಗಿ ಕಟ್ಟಿದನು. ಇದು ಎಲ್ಲ ದೇಶಗಳ ಹವ್ಯಾಸಿಗಳೂ ಮಾಡುವ ಉಪಾಯವಂತೆ. ಮೋಟರಿನ ವೇಗವನ್ನು ಹೆಚ್ಚುಕಡಿಮೆ ಮಾಡುವ ಸ್ಪೀಡ್ ಕಂಟ್ರೋಲರಿಗೆ ಮಾತ್ರ ಫುಗ್ಗೆ ಸಲ್ಲದು, ಅದು ಕಾಯುವದು; ಗಾಳಿಯಿಲ್ಲದಿದ್ದರೆ ಸುಡುವದು. ಸರ್ವೋದ ಕೀಲಿಗೆ ರಬ್ಬರಿನ ಉಂಗುರವನ್ನು ತೊಡಿಸಿ ಗ್ರೀಸು ತುಂಬಿದೆವು. ಗಾಲಿಗಳ ಬೇರಿಂಗಿಗೆ ಎಣ್ಣೆ.

ಹಿಂದಿನ ಲಿಪಿಕಾರರು ಓಲೆಗರಿಯ ಗ್ರಂಥವನ್ನು ಮುಗಿಸಿದ ಮೇಲೆ, ಪುಸ್ತಕವೇ ಬೇಡಿಕೊಳ್ಳುವಂತೆ, ಎಣ್ಣೆ, ನೀರು, ಸಡಿಲವಾದ ಕಟ್ಟು, ಮೂರ್ಖನ ಕೈ ಇವುಗಳಿಂದ ತನ್ನನ್ನು ಕಾಯಬೇಕೆಂಬ ಅರ್ಥದ ಮಾತನ್ನು ಬರೆಯುತ್ತಿದ್ದರು. ಗಾಡಿಗೆ ಎಣ್ಣೆಯು ಮಿತ್ರ. ಉಳಿದ ಮೂರೂ ಹಾಗೆಯೇ ಅನ್ವಯಿಸುವವು. ಅದರಲ್ಲಿಯೂ ಸಡಿಲ ಕಟ್ಟು. ಓಡಿ ಕಾಯ್ದ ಗಾಡಿಯನ್ನು ತಣ್ಣೀರಿಗೆ ಇಳಿಸಿದರೆ ಪೆಟ್ಟಿಗೆಯೊಳಗಿನ ಬಿಸಿಗಾಳಿಯು ಕುಗ್ಗಿ, ಕೂದಲೆಳೆಯಂಥ ಸಂದಿಯಿಂದಲೂ ನೀರನ್ನು ಒಳಗೆ ಎಳೆಯುವದು. ಒಂದು ಸ್ಕ್ರೂ ಅರ್ಧ ಸುತ್ತು ಸಡಿಲವಿದ್ದರೆ ಸಾಕು.

ಈ ಸಮಾಚಾರವೆಲ್ಲ ಆ ರೈತರ ಕಿವಿಗೆ ಬಿದ್ದು, ಅವರು ಒಂದು ದಿನ ಮುಂಜಾನೆ ಬಂದರು. “ಮಾಸ್ತರ್ರ, ನಮ್ಮ ಸ್ಟಾರ್ಟರ್ ಪೆಟಗೀಗೂ ಅದ ಬಣ್ಣ ಹೊಡೀಲಿಕ್ಕೆ ಬರತೈತೇನ್ರಿ?” ಅವರ ಬೋರಿಗೆ ಮೊಬೈಲ್ ಸ್ಟಾರ್ಟರ್ ಇದೆ, ಒಳಗೆ ಸಿಮ್ ಇರುವದು, ಮನೆಯಿಂದ ಫೋನು ಮಾಡಿದರೆ ಪಂಪು ಚಾಲೂ ಆಗುವದು. ವಿಚಾರಿಸಿದರೆ ಅದೂ ನಿಸ್ತಂತುವಿನಿಂದ ನಡೆಯುವ ಯಂತ್ರವೇ, ಗಾಲಿಯಿಲ್ಲ ಅಷ್ಟೇ. ಮಳೆ ಹೊಡೆದ ರಾತ್ರಿ ಅದು ಉತ್ತರ ಕೊಡದಾಗುತ್ತಿತ್ತು. ತ್ರೀಫೇಸ್ ಕರೆಂಟು ರಾತ್ರಿಯ ಪಾಳಿಯಲ್ಲಿ ಬಂದ ವಾರ ಅವರು ಕತ್ತಲೆಯಲ್ಲಿ ರಾಡಿಯನ್ನು ತುಳಿಯುತ್ತ ಹೋಗಿ, ತೇವದ ಕೈಯಿಂದ ಆ ಪೆಟ್ಟಿಗೆಯನ್ನು ತೆರೆಯುತ್ತಿದ್ದರು. ಕೇಳಿ ನನಗೆ ಎದೆ ಝಲ್ಲೆಂದಿತು. ಗಾಡಿಯಲ್ಲಿರುವದು ಏಳು ವೋಲ್ಟ್. ಅಲ್ಲಿ ನಾನೂರಕ್ಕೂ ಮಿಕ್ಕಿ. ಫುಗ್ಗೆ ಮೇಣಗಳ ಆಟ ಅಲ್ಲಿ ನಡೆಯತಕ್ಕದ್ದಲ್ಲ.

ಬಲ್ಲ ಎಲೆಕ್ಟ್ರಿಶಿಯನ್ನನನ್ನು ಕರೆಸಿ, ಮೇಲಿನ ಕರೆಂಟನ್ನು ಪೂರ್ಣ ತೆಗೆಸಿದ ಮೇಲೆಯೇ ಪೆಟ್ಟಿಗೆಯನ್ನು ತೆರೆಯಿಸಿದೆವು. ತಂತಿಗಳು ಮೇಲಿನ ತೂತಿನಿಂದ ಒಳಗಿಳಿದಿದ್ದವು. ಮಳೆಯ ನೀರು ಅದೇ ತಂತಿಯನ್ನು ಹಿಡಿದು ನೇರವಾಗಿ ಒಳಗೆ ಹೋಗುತ್ತಿತ್ತು. ಒಳಗೆ ಇರುವೆಯ ಗೂಡು, ಸತ್ತ ಹಲ್ಲಿ. ಮೇಲಿನ ತೂತುಗಳನ್ನು ಮುಚ್ಚಿಸಿ, ತಂತಿಗಳನ್ನು ಕೆಳಗಿನಿಂದ ರಬ್ಬರಿನ ಗ್ಲ್ಯಾಂಡಿನ ಮೂಲಕ ತಂದು, ಒಳಹೋಗುವ ಮೊದಲು ತುಸು ಜೋತು ಬೀಳುವಂತೆ ಮಾಡಿಸಿದೆವು; ನೀರು ಆ ಜೋತ ಬಾಗಿನಿಂದ ನೆಲಕ್ಕೆ ತೊಟ್ಟಿಕ್ಕುವದು. ಮೇಲೆ ತಗಡಿನ ಮಾಡು, ಪಕ್ಕದಲ್ಲಿ ಹೊಸ ಅರ್ಥಿಂಗು. ಸಿಮ್ ಇರುವ ಚಿಕ್ಕ ಬೋರ್ಡಿಗೆ ಮಾತ್ರ ಶಿಷ್ಯನು ಅಂಗಡಿಯಲ್ಲಿ ಲೇಪ ಹೊಡೆದುಕೊಟ್ಟನು. ಹಿಂಗಾರಿನ ಮಳೆಗಳು ಬಂದುಹೋದವು. ಪಂಪು ಫೋನಿನ ಮಾತನ್ನು ಕೇಳುತ್ತಿದೆ.

ಜೀಪು ಮಳೆಯಲ್ಲಿ ಓಣಿಯ ತುಂಬ ಓಡುವದು. ಮನೆಗೆ ಬಂದೊಡನೆ ಹುಡುಗನು ಬ್ಯಾಟರಿಯನ್ನು ತೆಗೆದು, ರಾಡಿಯನ್ನು ಒರೆಸಿ, ಮೇಲುಹೊದಿಕೆಯನ್ನು ಬಿಚ್ಚಿ ಗಾಳಿಗಿಡುವನು. ಅಜ್ಜಿಯು ಜೋಳದ ಚೀಲದ ಬಾಯನ್ನು ಕಟ್ಟಿಟ್ಟಿರುವಳು. ಮುಂದಿನ ಬಲಗಾಲಿಯ ಬೇರಿಂಗು ಮಾತ್ರ ತುಕ್ಕು ಹಿಡಿದು ಕಿರುಗುಟ್ಟುತ್ತಿದೆ. ಒಳವ್ಯಾಸ 5, ಹೊರವ್ಯಾಸ 11, ದಪ್ಪ 4 ಮಿಲಿಮೀಟರು ಎಂದು ಚೀಟಿ ಬರೆದು ನನ್ನ ಕನ್ನಡಕದ ಡಬ್ಬಿಯಲ್ಲಿ ಇಟ್ಟಿರುವನು. ಬರುವ ಸೋಮವಾರ ಹುಬ್ಬಳ್ಳಿಗೆ ಹೋಗುವದಿದೆ.